ಮಾತ್ರೆ ಡಬ್ಬಿಯ ಚರಿತ್ರೆ

ಕಳೆದ ತಿಂಗಳು ಡಾಕ್ಟರು ನನ್ನ ಒಂದು ಮಾತ್ರೆ ಬದಲಾಯಿಸಿದರು. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ನುಂಗುತ್ತಿದ್ದ ಮೈಕೋಫಿನೋಲೇಟ್ ನಿಲ್ಲಿಸಿ, ಅದರ ಜಾಗಕ್ಕೆ ಅಜಥಯೋಪ್ರಿನ್ ಅಂತ ಬರೆದರು. ತೆಳು ಹಳದಿ ಬಣ್ಣದ ಪುಟ್ಟ ಮಾತ್ರೆ. "ಇದು ಹೊಸದಾ ಮೇಡಂ?" ಅಂತ ಕೇಳಿದೆ. ಅವರು ಫೈಲಿನಿಂದ ತಲೆ ಎತ್ತದೇ, "ಹೊಸದಲ್ಲಮ್ಮ, ಹಳೇದು. ನಿಮ್ಮಮ್ಮ ಹುಟ್ಟೋಕೆ ಮುಂಚಿನದು" ಅಂದರು.

ಅಮ್ಮ ಹುಟ್ಟಿದ್ದು 1968ರಲ್ಲಿ. ನನ್ನ ಹೊಟ್ಟೆಯ ಬಲಭಾಗದಲ್ಲಿ, ಸೊಂಟದ ಮೂಳೆಗೆ ತಾಗಿಕೊಂಡ ಹಾಗೆ ಕೂತಿರೋ ಕಿಡ್ನಿಯೂ ಅಮ್ಮನದೇ. ಅಂದರೆ ಅದರ ವಯಸ್ಸು ನನಗಿಂತ ಇಪ್ಪತ್ತಾರು ವರ್ಷ ಹೆಚ್ಚು. ಈಗ ಅದನ್ನು ಕಾಯೋಕೆ ಬಂದಿರೋ ಮಾತ್ರೆ ಅದಕ್ಕಿಂತಲೂ ಹಿರಿದು. ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ನನ್ನ ಮಾತ್ರೆ ಡಬ್ಬಿಯಲ್ಲಿರೋ ಒಂದೊಂದೂ ಎಲ್ಲಿಂದ ಬಂತು, ಯಾರ ಮೇಲೆ ಮೊದಲು ಪ್ರಯೋಗವಾಯಿತು ಅಂತ ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಯಾಕೆ ಬದಲಾಯಿತು ಅನ್ನೋದನ್ನೂ ಹೇಳ್ತೀನಿ, ಆದರೆ ಸ್ವಲ್ಪ ತಡೆಯಿರಿ.

ನನ್ನಂಥವರ ಆಸ್ಪತ್ರೆ ದಿನ ಹೇಗಿರುತ್ತೆ ಅಂತ ಮೊದಲು ಹೇಳಿಬಿಡ್ತೀನಿ. ಹಿಂದಿನ ರಾತ್ರಿ ಎಂಟಕ್ಕೆ ಸರಿಯಾಗಿ ಟ್ಯಾಕ್ರೋಲಿಮಸ್ ನುಂಗಬೇಕು. ಬೆಳಿಗ್ಗೆ ಅದನ್ನು ನುಂಗದೇ ಪರ್ಸಿನಲ್ಲಿಟ್ಟುಕೊಂಡು ಹೊರಡಬೇಕು. ಹನ್ನೆರಡು ಗಂಟೆ ಕಳೆದ ಮೇಲೆ ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ನೋಡೋ ಪರೀಕ್ಷೆ ಅದು. ಜಾಸ್ತಿ ಉಳಿದಿದ್ದರೆ ಕಿಡ್ನಿಗೆ ಅದೇ ವಿಷ. ಕಡಿಮೆಯಾದರೆ ಮೈ ಆ ಕಿಡ್ನಿಯನ್ನು ಹೊರಗಿನದು ಅಂತ ಗುರುತು ಹಿಡಿದು ಜಗಳಕ್ಕೆ ಬೀಳುತ್ತೆ. ಎಂಟು ಗಂಟೆಗೆ ಸೂಜಿ ಚುಚ್ಚಿಸಿಕೊಂಡ ತಕ್ಷಣ ಕಾರಿಡಾರಿನಲ್ಲೇ ನಿಂತು ಮಾತ್ರೆ ಬಾಯಿಗೆ ಹಾಕಿಕೊಳ್ಳೋದು, ಒಂದು ಗಂಟೆ ಬಿಟ್ಟು ಕ್ಯಾಂಟೀನಿನಲ್ಲಿ ಇಡ್ಲಿ, ಆಮೇಲೆ ಟೋಕನ್ ನಂಬರ್ ಕರೆಯೋ ತನಕ ಕಾಯೋದು. ಅಲ್ಲಿ ಕಾಯೋರೆಲ್ಲ ಒಬ್ಬರನ್ನೊಬ್ಬರು ಕೇಳೋ ಮೊದಲ ಪ್ರಶ್ನೆ "ಊಟ ಆಯ್ತಾ" ಅಲ್ಲ, "ಕ್ರಿಯಾಟಿನಿನ್ ಎಷ್ಟು?" ಕಿಡ್ನಿ ಸೋಸದೇ ಬಿಟ್ಟ ಕಸ ರಕ್ತದಲ್ಲಿ ಎಷ್ಟಿದೆ ಅಂತ ತೋರಿಸೋ ಅಂಕಿ ಅದು. ನಮಗೆಲ್ಲ ಅದೇ ಜಾತಕ.

ಈ ಚರಿತ್ರೆ ಶುರುವಾಗೋದು ಸೂಜಿ ದಾರದಿಂದ. 1894ರಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಅಲ್ಲಿನ ರಾಷ್ಟ್ರಪತಿ ಸಾದಿ ಕಾರ್ನೊಗೆ ಒಬ್ಬ ಚೂರಿ ಹಾಕಿದ. ದೊಡ್ಡದೊಂದು ರಕ್ತನಾಳ ಹರಿದಿತ್ತು. ರಕ್ತನಾಳವನ್ನು ಮತ್ತೆ ಸೋರದ ಹಾಗೆ ಹೊಲಿಯೋದು ಆಗಿನ ವೈದ್ಯರಿಗೆ ಬರುತ್ತಿರಲಿಲ್ಲ, ರಾಷ್ಟ್ರಪತಿ ತೀರಿಕೊಂಡರು. ಅದೇ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಮನಸ್ಸಿಗೆ ನಾಟಿತು. ಲಿಯಾನ್ ರೇಷ್ಮೆಗೆ, ಕಸೂತಿಗೆ ಹೆಸರಾದ ಊರು. ಕ್ಯಾರೆಲ್ ಅಲ್ಲಿನ ಕಸೂತಿ ಹೆಂಗಸೊಬ್ಬರ ಹತ್ತಿರ ಹೋಗಿ ಸಣ್ಣ ಸೂಜಿಯಲ್ಲಿ, ನುಣುಪು ದಾರದಲ್ಲಿ ಹೊಲಿಯೋದು ಕಲಿತರು. ಆಮೇಲೆ ಎರಡು ರಕ್ತನಾಳಗಳನ್ನು ಬಾಯಿಗೆ ಬಾಯಿ ಸೇರಿಸಿ ಹೊಲಿಯೋ ವಿಧಾನ ಕಂಡುಹಿಡಿದು, 1912ರಲ್ಲಿ ನೊಬೆಲ್ ಪಡೆದರು. ನನ್ನ ಹೊಟ್ಟೆಯೊಳಗಿನ ಹೊಲಿಗೆಯ ಮೂಲ ಒಂದು ಕಸೂತಿ ಅಂಗಡಿ ಅಂದರೆ ಅಮ್ಮನಿಗೆ ಬಹಳ ಖುಷಿ. ಅಮ್ಮ ತಿಪಟೂರಿನಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾರೆ.

ಹೊಲಿಗೆ ಬಂತು, ಸರಿ. ಆದರೆ ಹೊಲಿದ ಕಿಡ್ನಿ ನಿಲ್ಲುತ್ತಿರಲಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಮೊದಲು ಕಿಡ್ನಿ ಜೋಡಿಸಿದ್ದು 1933ರಲ್ಲಿ, ಉಕ್ರೇನಿನ ಖೆರ್ಸನ್ ಊರಿನಲ್ಲಿ, ಯೂರಿ ವೊರೊನೊಯ್ ಅನ್ನೋ ಸರ್ಜನ್. ಪಾದರಸದ ವಿಷ ಕುಡಿದ ಇಪ್ಪತ್ತಾರು ವರ್ಷದ ಹೆಂಗಸಿಗೆ, ತಲೆಗೆ ಪೆಟ್ಟಾಗಿ ಸತ್ತ ಗಂಡಸಿನ ಕಿಡ್ನಿಯನ್ನು ತೊಡೆಗೆ ಜೋಡಿಸಿದರು. ರಕ್ತದ ಗುಂಪೇ ಬೇರೆ ಇತ್ತು. ಎರಡು ದಿನ ಬದುಕಿದ್ದಳು. ಮನುಷ್ಯನ ಮೈ ಬೇರೆಯವರದನ್ನು ಯಾಕೆ ಒಪ್ಪೋದಿಲ್ಲ ಅಂತ ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಅದು ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಇಂಗ್ಲೆಂಡಿನಲ್ಲಿ ಪೀಟರ್ ಮೆಡವಾರ್ ಅನ್ನೋ ಪ್ರಾಣಿಶಾಸ್ತ್ರಜ್ಞ ಸುಟ್ಟ ಗಾಯದವರಿಗೆ ಚರ್ಮ ಕಸಿ ಮಾಡೋದರ ಬಗ್ಗೆ ಕೆಲಸ ಮಾಡುತ್ತಿದ್ದರು. ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಸುಟ್ಟುಕೊಂಡ ಹೆಂಗಸೊಬ್ಬಳಿಗೆ ಅವಳ ಅಣ್ಣತಮ್ಮನ ಚರ್ಮ ಹಚ್ಚಿದರು, ಸ್ವಲ್ಪ ದಿನಕ್ಕೆ ಅದು ಕರಗಿತು. ಮತ್ತೆ ಅದೇ ಮನುಷ್ಯನ ಚರ್ಮ ಹಚ್ಚಿದರು. ಎರಡನೇ ಸಲ ಇನ್ನೂ ಬೇಗ ಕರಗಿತು. ಅಂದರೆ ಮೈಗೆ ನೆನಪಿದೆ. ಹೊರಗಿನವನು ಯಾರು ಅಂತ ಒಮ್ಮೆ ಗುರುತು ಹಿಡಿದರೆ ಎರಡನೇ ಸಲ ಬಾಗಿಲಲ್ಲೇ ತಡೆಯುತ್ತೆ. 1943ರಲ್ಲಿ ಇದು ಪ್ರಕಟವಾಯಿತು, 1960ರಲ್ಲಿ ಮೆಡವಾರ್‌ಗೆ ನೊಬೆಲ್ ಬಂತು. ನಾನು ದಿನಾ ಮಾತ್ರೆ ನುಂಗೋದು ನನ್ನ ಮೈಯ ಈ ನೆನಪಿನ ಶಕ್ತಿಯನ್ನು ಮಂಕು ಮಾಡೋದಕ್ಕೇ.

ಅದೇ 1943ರಲ್ಲಿ, ಜರ್ಮನರು ಆಕ್ರಮಿಸಿದ್ದ ಹಾಲೆಂಡಿನ ಕಾಂಪನ್ ಎಂಬ ಪುಟ್ಟ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಅನ್ನೋ ಡಾಕ್ಟರು ಡಯಾಲಿಸಿಸ್ ಯಂತ್ರ ಕಟ್ಟಿದರು. ಮಾಂಸದ ಸಾಸೇಜ್ ತುಂಬೋ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಅದರೊಳಗೆ ರಕ್ತ ಹರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕಸ ನೀರಿಗೆ, ರಕ್ತ ಮೈಗೆ. ಮೊದಮೊದಲು ಬಂದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಅರವತ್ತೇಳು ವರ್ಷದ ಹೆಂಗಸೊಬ್ಬಳು ಪ್ರಜ್ಞೆಗೆ ಮರಳಿದಳು. ಆಕೆ ನಾಜಿಗಳ ಪರ ಇದ್ದವಳಂತೆ, ಊರವರಿಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಕೋಲ್ಫ್ ಅದನ್ನೆಲ್ಲ ನೋಡಲಿಲ್ಲ.

ಆದರೆ ಆ ಯಂತ್ರ ಕೆಲವು ಸಲಕ್ಕೆ ಮಾತ್ರ ಆಗುತ್ತಿತ್ತು. ಪ್ರತಿ ಸಲವೂ ಹೊಸ ರಕ್ತನಾಳ ಕತ್ತರಿಸಬೇಕು, ನಾಳಗಳು ಮುಗಿದರೆ ಮನುಷ್ಯನೂ ಮುಗಿದ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲೇ ಉಳಿಯುವಂಥ ಟೆಫ್ಲಾನ್ ಕೊಳವೆ ಮಾಡಿದರು. ಅದನ್ನು ಮೊದಲು ಹಾಕಿಸಿಕೊಂಡ ಕ್ಲೈಡ್ ಶೀಲ್ಡ್ಸ್ ಹನ್ನೊಂದು ವರ್ಷ ಬದುಕಿದರು. ಈಗ ಸಮಸ್ಯೆ ಬೇರೆ. ಯಂತ್ರಗಳು ನಾಲ್ಕಾರು, ಬೇಕಾದವರು ನೂರಾರು. ಯಾರಿಗೆ ಕೊಡೋದು ಅಂತ ತೀರ್ಮಾನಿಸೋಕೆ ಏಳು ಜನರ ಸಮಿತಿ ಮಾಡಿದರು. ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಬ್ಯಾಂಕಿನವರು, ಒಬ್ಬ ಗೃಹಿಣಿ, ಹೀಗೆ. ರೋಗಿಗೆ ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಪಾದನೆ ಎಷ್ಟು, ಚರ್ಚಿಗೆ ಹೋಗುತ್ತಾನೆಯೇ ಅಂತೆಲ್ಲ ನೋಡಿ ಅವರು ಬದುಕು ಹಂಚುತ್ತಿದ್ದರು. 1962ರ ಕೊನೆಗೆ ಶಾನಾ ಅಲೆಕ್ಸಾಂಡರ್ ಎಂಬ ಪತ್ರಕರ್ತೆ 'ಲೈಫ್' ಪತ್ರಿಕೆಯಲ್ಲಿ ಈ ಸಮಿತಿಯ ಬಗ್ಗೆ ಬರೆದಾಗ ದೇಶವೇ ಬೆಚ್ಚಿಬಿತ್ತು.

ನಾನು ಇದನ್ನು ಓದಿದಾಗ ಬೆಚ್ಚಲಿಲ್ಲ. ನಮ್ಮ ಮನೆಗಳಲ್ಲಿ ಆ ಸಮಿತಿ ಅಡುಗೆಮನೆಯಲ್ಲೇ ಕೂರುತ್ತೆ. 2010ರಲ್ಲಿ, ಸೆಕೆಂಡ್ ಪಿಯುಸಿ ಶುರುವಾದಾಗ ನನ್ನ ಎರಡೂ ಕಿಡ್ನಿ ನಿಂತಿದ್ದವು. ಹುಟ್ಟಿನಿಂದಲೇ ಮೂತ್ರ ಹಿಂದಕ್ಕೆ ಹರಿಯೋ ತೊಂದರೆ ಇತ್ತಂತೆ, ಪದೇಪದೇ ಬರುತ್ತಿದ್ದ ಜ್ವರಕ್ಕೆ ಯಾರೂ ಅದನ್ನು ಜೋಡಿಸಿ ನೋಡಲಿಲ್ಲ. ಎಂಟು ತಿಂಗಳು ವಾರಕ್ಕೆರಡು ಸಲ ತಿಪಟೂರಿನಿಂದ ತುಮಕೂರಿಗೆ ರೈಲು, ನಾಲ್ಕು ಗಂಟೆ ಡಯಾಲಿಸಿಸ್, ಮತ್ತೆ ರೈಲು. ತೆಂಗಿನ ಊರಿನಲ್ಲಿದ್ದುಕೊಂಡು ಎಳನೀರು ಕುಡಿಯೋ ಹಾಗಿಲ್ಲ. ಅದರಲ್ಲಿರೋ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸಬಹುದು. ದಿನಕ್ಕೆ ಅಳೆದು ನೀರು, ಕಾಫಿಯೂ ಅದೇ ಲೆಕ್ಕದಲ್ಲಿ. ಒಂದು ರಾತ್ರಿ ನಾನು ಮಲಗಿದ್ದೇನೆ ಅಂದುಕೊಂಡು ಚಿಕ್ಕಪ್ಪ ಅಪ್ಪನಿಗೆ ಹೇಳುತ್ತಿದ್ದರು: "ತೋಟ ಮಾರಿದ್ರೆ ನಾಳೆ ಹುಡುಗನ ಗತಿ? ಅವಳು ಹೇಗಿದ್ರೂ ಇನ್ನೊಬ್ಬರ ಮನೆಗೆ ಹೋಗೋಳು." ಹುಡುಗ ಅಂದರೆ ನನ್ನ ತಮ್ಮ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಪಾತ್ರೆಯನ್ನು ಜೋರಾಗಿ ಇಟ್ಟ ಸದ್ದು ಮಾತ್ರ ಕೇಳಿಸಿತು. ಅರ್ಧ ಎಕರೆ ಮಾರಿದರು. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಕಿಡ್ನಿ ಕೊಡೋರಲ್ಲಿ ಹೆಂಗಸರೇ ಹೆಚ್ಚು, ತಗೊಳ್ಳೋರಲ್ಲಿ ಗಂಡಸರೇ ಹೆಚ್ಚು. ನಾನು ತಗೊಂಡವಳು. ಆ ಪಾತ್ರೆ ಸದ್ದಿನ ದೆಸೆಯಿಂದ.

ಈಗ ಬಾಸ್ಟನ್ನಿಗೆ ಬರೋಣ. ಕಿಡ್ನಿ ಕಸಿಯ ಚರಿತ್ರೆ ಅಂದರೆ ಎಲ್ಲರೂ ಹೇಳೋ ತಾರೀಖು 1954ರ ಡಿಸೆಂಬರ್ 23. ರಿಚರ್ಡ್ ಹೆರಿಕ್‌ಗೆ ಇಪ್ಪತ್ತಮೂರು ವರ್ಷ, ಕಿಡ್ನಿ ಹಾಳಾಗಿ ಸಾವಿನ ಹತ್ತಿರ ಇದ್ದ. ಅವನ ಅವಳಿ ರೊನಾಲ್ಡ್ ಗಟ್ಟಿಮುಟ್ಟಾಗಿದ್ದ. ಇಬ್ಬರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾದರೆ ಒಬ್ಬನ ಮೈ ಇನ್ನೊಬ್ಬನದನ್ನು ಹೊರಗಿನದು ಅಂತ ಗುರುತಿಸೋದಿಲ್ಲ ಅನ್ನೋದು ಡಾಕ್ಟರುಗಳ ಲೆಕ್ಕ. ಖಚಿತ ಮಾಡಿಕೊಳ್ಳೋಕೆ ಚರ್ಮದ ಚೂರು ಕಸಿ ಮಾಡಿ ನೋಡಿದರು, ಬೆರಳಚ್ಚಿಗೆ ಪೊಲೀಸ್ ಸ್ಟೇಷನ್ನಿಗೂ ಕಳಿಸಿದರು. ಪೇಪರಿನವರಿಗೆ ಸುದ್ದಿ ಗೊತ್ತಾಗಿದ್ದು ಅಲ್ಲಿಂದಲೇ. ಆಪರೇಷನ್ನಿನ ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಕಳಿಸಿ, ಇದೆಲ್ಲ ಬೇಡ, ಮನೆಗೆ ಹೊರಟುಬಿಡು ಅಂದನಂತೆ. ರೊನಾಲ್ಡ್ ನಾನು ಇಲ್ಲೇ ಇರೋನು ಅಂತ ತಿರುಗಿ ಬರೆದ. ಮಾರನೇ ದಿನ ಜೋಸೆಫ್ ಮರ್ರೆ ಕಿಡ್ನಿ ಹೊಲಿದರು, ಅದು ಮೇಜಿನ ಮೇಲೇ ಮೂತ್ರ ಸುರಿಸಿತು.

ಚರಿತ್ರೆ ಪುಸ್ತಕಗಳು ಸಾಧಾರಣವಾಗಿ ಇಲ್ಲಿ ಚಪ್ಪಾಳೆ ಹೊಡೆದು ಮುಂದೆ ಹೋಗುತ್ತವೆ. ನನಗೆ ಬೇಕಾಗಿದ್ದು ಆಮೇಲಿನದು. ರಿಚರ್ಡ್ ತನ್ನನ್ನು ನೋಡಿಕೊಂಡ ನರ್ಸ್ ಕ್ಲೇರ್‌ಳನ್ನು ಮದುವೆಯಾದ, ಇಬ್ಬರು ಮಕ್ಕಳಾದರು. ಎಂಟು ವರ್ಷದ ನಂತರ ಹಳೇ ಕಾಯಿಲೆ ಹೊಸ ಕಿಡ್ನಿಗೂ ಬಂದು 1963ರಲ್ಲಿ ತೀರಿಕೊಂಡ. ರೊನಾಲ್ಡ್ ಗಣಿತದ ಮೇಷ್ಟ್ರಾಗಿ, ಒಂದೇ ಕಿಡ್ನಿಯಲ್ಲಿ 2010ರ ಡಿಸೆಂಬರ್ ತನಕ ಬದುಕಿದ. ಆ ಡಿಸೆಂಬರ್‌ನಲ್ಲಿ ನಾನು ತುಮಕೂರಿನ ಯಂತ್ರದ ಪಕ್ಕ ಮಲಗಿ ಪರೀಕ್ಷೆಗೆ ಓದುತ್ತಿದ್ದೆ. ಎರಡು ತಿಂಗಳಿಗೆ ಅಮ್ಮನ ಕಿಡ್ನಿ ನನಗೆ ಬಂತು.

ಅಮ್ಮ ಮತ್ತು ನಾನು ಅವಳಿಗಳಲ್ಲ. ಅಂಗಾಂಶದ ಗುರುತಿನಲ್ಲಿ ತಾಯಿ ಮಕ್ಕಳದು ಅರ್ಧ ಹೊಂದುತ್ತೆ, ಇನ್ನರ್ಧ ಅಪ್ಪನದು. ಬಾಸ್ಟನ್ನಿನ ಡಾಕ್ಟರುಗಳಿಗೂ ಇದೇ ಪ್ರಶ್ನೆ ಎದುರಾಯಿತು. ಅವಳಿ ಇಲ್ಲದವರು ಏನು ಮಾಡಬೇಕು? ಮೊದಲು ಇಡೀ ಮೈಗೆ ಎಕ್ಸ್‌ರೇ ಹಾಯಿಸಿ ಅದರ ರೋಗನಿರೋಧಕ ಶಕ್ತಿಯನ್ನೇ ಸುಟ್ಟುಹಾಕಿ ನೋಡಿದರು. ಬಹುತೇಕ ಎಲ್ಲರೂ ಸೋಂಕು ತಗುಲಿ ತೀರಿಕೊಂಡರು. ಬೇಲಿ ಬೇಡ ಅಂತ ಮನೆಗೇ ಬೆಂಕಿ ಇಟ್ಟ ಹಾಗಾಯಿತು.

ನನ್ನ ಹಳದಿ ಮಾತ್ರೆ ಬರೋದು ಇಲ್ಲಿ. ಗರ್ಟ್ರೂಡ್ ಎಲಿಯನ್ ಅಂತ ನ್ಯೂಯಾರ್ಕಿನ ಹುಡುಗಿ. ಹದಿನೈದನೇ ವಯಸ್ಸಿನಲ್ಲಿ ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದು ನೋಡಿ ರಸಾಯನಶಾಸ್ತ್ರ ಓದಿದಳು. ಹೆಣ್ಣುಮಕ್ಕಳನ್ನು ಪ್ರಯೋಗಾಲಯದೊಳಗೆ ಬಿಟ್ಟುಕೊಳ್ಳೋರು ಕಡಿಮೆ. ಯುದ್ಧಕ್ಕೆ ಗಂಡಸರು ಹೋದಮೇಲೆ ಕೆಲಸ ಸಿಕ್ಕಿತು. 1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಜಾರ್ಜ್ ಹಿಚಿಂಗ್ಸ್ ಜೊತೆ ಸೇರಿದಳು. ಕೆಲಸವೋ ಪಿಎಚ್‌ಡಿಯೋ ಅನ್ನೋ ಪರಿಸ್ಥಿತಿ ಬಂದಾಗ ಪಿಎಚ್‌ಡಿ ಬಿಟ್ಟಳು. ಈ ಇಬ್ಬರು ಮಕ್ಕಳ ರಕ್ತಕ್ಯಾನ್ಸರ್‌ಗೆ ಅಂತ ಮಾಡಿದ ಔಷಧಿ ಮರ್ಕ್ಯಾಪ್ಟೋಪ್ಯುರಿನ್. ವೇಗವಾಗಿ ಹೆಚ್ಚೋ ಕಣಗಳಿಗೆ ಇಟ್ಟಿಗೆಯ ಹಾಗೆ ಕಾಣೋ ನಕಲಿ ಇಟ್ಟಿಗೆ ಕೊಟ್ಟು ಗೋಡೆ ಏಳದ ಹಾಗೆ ಮಾಡೋದು ಅದರ ಉಪಾಯ. ಹೊರಗಿನವರ ಮೇಲೆ ಯುದ್ಧಕ್ಕೆ ಹೋಗೋ ಬಿಳಿ ರಕ್ತಕಣಗಳೂ ಹಾಗೇ ವೇಗವಾಗಿ ಹೆಚ್ಚುತ್ತವೆ. 1959ರಲ್ಲಿ ಬಾಸ್ಟನ್ನಿನ ಶ್ವಾರ್ಟ್ಸ್ ಮತ್ತು ಡಾಮೆಶೆಕ್ ಮೊಲಗಳಲ್ಲಿ ಇದನ್ನು ತೋರಿಸಿದರು. ಇಂಗ್ಲೆಂಡಿನ ರಾಯ್ ಕಾಲ್ನ್ ನಾಯಿಗಳ ಕಿಡ್ನಿ ಕಸಿಯಲ್ಲಿ ಬಳಸಿ ನೋಡಿ, ಆಮೇಲೆ ಬಾಸ್ಟನ್ನಿಗೆ ಬಂದು ಮರ್ರೆ ಜೊತೆ ಸೇರಿದರು. ಎಲಿಯನ್ ಮತ್ತು ಹಿಚಿಂಗ್ಸ್ ಅದರದೇ ಸುಧಾರಿಸಿದ ರೂಪ ಕೊಟ್ಟರು. ಅದೇ ಅಜಥಯೋಪ್ರಿನ್.

1962ರ ಏಪ್ರಿಲ್‌ನಲ್ಲಿ, ಸಂಬಂಧವೇ ಇಲ್ಲದ, ತೀರಿಕೊಂಡ ಒಬ್ಬರ ಕಿಡ್ನಿಯನ್ನು ಮೆಲ್ ಡುಸೆಟ್ ಎಂಬ ಯುವಕನಿಗೆ ಹಾಕಿ ಈ ಮಾತ್ರೆ ಕೊಟ್ಟರು. ಆ ಕಿಡ್ನಿ ವರ್ಷಕ್ಕೂ ಮೀರಿ ಕೆಲಸ ಮಾಡಿತು. ಇವತ್ತು ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ತೀರಿಕೊಂಡ ಅಪರಿಚಿತನ ಅಂಗವನ್ನು ಮನುಷ್ಯನ ಮೈ ಅಷ್ಟು ಕಾಲ ಇಟ್ಟುಕೊಂಡಿದ್ದು ಅದೇ ಮೊದಲು. ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು, ಮರ್ರೆಗೆ 1990ರಲ್ಲಿ. ಮಾತ್ರೆ ಮಾಡಿದವಳಿಗೆ ಮೊದಲು, ಹೊಲಿದವರಿಗೆ ಆಮೇಲೆ. ನನಗಂತೂ ಅದು ಸರಿಯಾದ ಕ್ರಮ ಅನ್ನಿಸಿತು.

ಡಬ್ಬಿಯ ಇನ್ನೊಂದು ಖಾನೆಯಲ್ಲಿರೋದು ಪ್ರೆಡ್ನಿಸೊಲೋನ್, ಸ್ಟಿರಾಯ್ಡ್. ಡೆನ್ವರ್‌ನ ಥಾಮಸ್ ಸ್ಟಾರ್ಜ್ಲ್ ಅಜಥಯೋಪ್ರಿನ್ ಜೊತೆಗೆ ಇದನ್ನು ಸೇರಿಸಿದರು. ಮೈ ಕಿಡ್ನಿಯ ಮೇಲೆ ತಿರುಗಿಬಿದ್ದ ಮೇಲೂ ಜೋರಾಗಿ ಸ್ಟಿರಾಯ್ಡ್ ಕೊಟ್ಟರೆ ಆ ದಾಳಿಯನ್ನು ಹಿಮ್ಮೆಟ್ಟಿಸಬಹುದು ಅಂತ 1963ರಲ್ಲಿ ಬರೆದರು. ಅಲ್ಲಿಯ ತನಕ ಶುರುವಾದ ದಾಳಿ ಅಂದರೆ ಮುಗಿದ ಕಥೆ.

ಸ್ಟಾರ್ಜ್ಲ್ ಬರೆದ ಆ ಸಾಲಿಗೆ ನಾನು ಸಾಕ್ಷಿ. ಸ್ಟಿರಾಯ್ಡ್ ಮುಖವನ್ನು ಕುಂಬಳಕಾಯಿ ಮಾಡುತ್ತೆ. ಮೊಡವೆ, ತಡೆಯೋಕಾಗದ ಹಸಿವು. 2013ರಲ್ಲಿ, ಹಾಸ್ಟೆಲಿನಲ್ಲಿದ್ದೆ, ಹತ್ತೊಂಬತ್ತು ವರ್ಷ. ರೂಮಿನ ಹುಡುಗಿಯರಿಗೆ ಕಿಡ್ನಿ ವಿಷಯ ಹೇಳಿರಲಿಲ್ಲ. ಕ್ರಿಯಾಟಿನಿನ್ 1.1 ಇತ್ತು, ಮೈಯಲ್ಲಿ ಶಕ್ತಿ ಇತ್ತು. ಒಂದು ದಿನ ಸಂಜೆ ಮಾತ್ರೆ ಮರೆತೆ, ಏನೂ ಆಗಲಿಲ್ಲ. ಆಮೇಲೆ ಮರೆಯದೇ ಬಿಟ್ಟೆ. ಮೊದಲು ಸ್ಟಿರಾಯ್ಡ್, ಆಮೇಲೆ ಉಳಿದವು. ಕಾಲೇಜ್ ಡೇಗೆ ಮುಖ ಸಣ್ಣಗಾಗಿತ್ತು, ಫೋಟೋ ಚೆನ್ನಾಗಿ ಬಂತು. ಐದು ವಾರಕ್ಕೆ ಕಾಲು ಊದಿತು, ಮೂತ್ರ ಕಡಿಮೆಯಾಯಿತು. ಆಸ್ಪತ್ರೆಗೆ ಹೋದಾಗ ಕ್ರಿಯಾಟಿನಿನ್ 2.6. ಮೂರು ದಿನ ಡ್ರಿಪ್ಪಿನಲ್ಲಿ ಸ್ಟಿರಾಯ್ಡ್ ಸುರಿದರು. ಇಳಿದು ಇಳಿದು 1.4ಕ್ಕೆ ಬಂದು ನಿಂತಿತು. 1.1ಕ್ಕೆ ಮತ್ತೆ ಯಾವತ್ತೂ ಹೋಗಲಿಲ್ಲ.

ಅಮ್ಮ ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹಾಸಿಗೆ ಪಕ್ಕ ಕೂತು, "ಇನ್ನೊಂದಿದೆ ಕಣೇ ನನ್ನ ಹತ್ರ, ಆದ್ರೆ ಅದನ್ನ ತಗೊಳಲ್ವಂತೆ ಡಾಕ್ಟ್ರು" ಅಂದರು. ಅದರ ಮಾರನೇ ದಿನದಿಂದ ಒಂದು ಮಾತ್ರೆಯೂ ತಪ್ಪಿಸಿಲ್ಲ. ಹದಿಹರೆಯದಲ್ಲಿ ಕಸಿಯಾದವರು ಮಾತ್ರೆ ಬಿಟ್ಟು ಕಿಡ್ನಿ ಕಳೆದುಕೊಳ್ಳೋದು ಜಗತ್ತಿನಾದ್ಯಂತ ಡಾಕ್ಟರುಗಳ ದೊಡ್ಡ ತಲೆನೋವು ಅಂತ ಆಮೇಲೆ ಗೊತ್ತಾಯಿತು. ನಾನೊಬ್ಬಳೇ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಹೋದ 0.3 ನಾನೊಬ್ಬಳೇ ಕಳೆದದ್ದು.

ಡಬ್ಬಿಯ ರಾಜ ಅಂದರೆ ಟ್ಯಾಕ್ರೋಲಿಮಸ್. ಅದರ ಕಥೆ ಮಣ್ಣಿನದು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿ ತನ್ನ ನೌಕರರಿಗೆ ಒಂದು ಮಾತು ಹೇಳಿತ್ತು: ರಜಕ್ಕೆ ಎಲ್ಲಿಗೇ ಹೋದರೂ ಒಂದು ಚೀಲ ಮಣ್ಣು ತನ್ನಿ. ಹಾಗೆ ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯಿಂದ 1969ರಲ್ಲಿ ಬಂದ ಮಣ್ಣಿನ ಶಿಲೀಂಧ್ರದಲ್ಲಿ ಸೈಕ್ಲೋಸ್ಪೊರಿನ್ ಸಿಕ್ಕಿತು. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತೆ ಅನ್ನೋದು 1972ರಲ್ಲಿ ಝಾನ್ ಫ್ರಾನ್ಸ್ವಾ ಬೊರೆಲ್ ಅವರ ಪ್ರಯೋಗಾಲಯದಲ್ಲಿ ಗೊತ್ತಾಯಿತು. 1978ರಲ್ಲಿ ಕೇಂಬ್ರಿಜ್‌ನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದವರು ಮತ್ತೆ ಅದೇ ರಾಯ್ ಕಾಲ್ನ್. ಇದು ಬಂದ ಮೇಲೆ ಕಸಿ ಅನ್ನೋದು ಸಾಹಸವಾಗಿದ್ದದ್ದು ಚಿಕಿತ್ಸೆ ಆಯಿತು. 1984ರಲ್ಲಿ ಜಪಾನಿನ ತ್ಸುಕುಬಾ ಊರಿನ ಮಣ್ಣಿನಲ್ಲಿ ಇನ್ನೊಂದು ಜೀವಿ ಸಿಕ್ಕಿತು, ಅದರಿಂದ ಬಂದದ್ದು ಟ್ಯಾಕ್ರೋಲಿಮಸ್. ಹೆಸರಿನ ಮೊದಲಕ್ಷರವೇ ತ್ಸುಕುಬಾದ್ದು. ಇನ್ನು ನನಗೆ ನಿಲ್ಲಿಸಿದ ಮೈಕೋಫಿನೋಲೇಟ್ ಮೂಲ ಇನ್ನೂ ಹಳೇದು: ಇಟಲಿಯ ಬಾರ್ಟೊಲೊಮಿಯೊ ಗೊಸಿಯೊ 1893ರಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳದಲ್ಲಿ ಕಂಡದ್ದು. ಔಷಧಿ ಅಂಗಡಿಗೆ ಬರೋಕೆ ನೂರು ವರ್ಷ ಹಿಡಿಯಿತು.

ಈ ಮಾತ್ರೆಗಳಿಗೆ ಅವುಗಳದೇ ದರ್ಬಾರು. ಟ್ಯಾಕ್ರೋಲಿಮಸ್‌ನಿಂದ ನನ್ನ ಕೈ ಸ್ವಲ್ಪ ನಡುಗುತ್ತೆ, ಸೂಜಿಗೆ ದಾರ ಪೋಣಿಸೋಕಾಗಲ್ಲ. ದೇವನಹಳ್ಳಿ ಕಡೆಯವರು ಪ್ರೀತಿಯಿಂದ ಚಕ್ಕೋತ ತಂದುಕೊಟ್ಟರೆ ನಕ್ಕು ಬೇರೆಯವರಿಗೆ ದಾಟಿಸಬೇಕು. ಆ ಹಣ್ಣು ರಕ್ತದಲ್ಲಿ ಔಷಧಿಯ ಮಟ್ಟ ಏರಿಸಿಬಿಡುತ್ತೆ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ನನಗೆ ಹೊಸದೇನೂ ಅನ್ನಿಸಲಿಲ್ಲ, ಒಂಬತ್ತು ವರ್ಷದಿಂದ ಬಸ್ಸಿನಲ್ಲಿ ಹಾಕಿಕೊಂಡೇ ಓಡಾಡಿದ್ದೆ.

ನಮ್ಮ ದೇಶದ ಕಥೆಯೂ ಇದಕ್ಕೆ ಸೇರಬೇಕು. 1965ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಕಿಡ್ನಿ ಕಸಿ ಮಾಡಿದರು, ರೋಗಿ ಉಳಿಯಲಿಲ್ಲ. 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಮೊದಲ ಯಶಸ್ಸು. ಸೈಕ್ಲೋಸ್ಪೊರಿನ್ ಬಂದ ಮೇಲೆ ಸಂಬಂಧವಿಲ್ಲದವರ ಕಿಡ್ನಿಯೂ ನಿಲ್ಲುತ್ತೆ ಅಂತಾಯಿತಲ್ಲ, ಅದರ ಬೆನ್ನಿಗೇ ದಂಧೆಯೂ ಬಂತು. ಚೆನ್ನೈನ ವಿಲ್ಲಿವಾಕ್ಕಂಗೆ ಜನ 'ಕಿಡ್ನಿವಾಕ್ಕಂ' ಅಂತ ಅಡ್ಡಹೆಸರಿಟ್ಟರು, ಅಷ್ಟು ಬಡವರು ಅಲ್ಲಿ ಕಿಡ್ನಿ ಮಾರಿದ್ದರು. ಒಳ್ಳೇ ಔಷಧಿಯೊಂದು ಬಡವರ ಹೊಟ್ಟೆ ಮೇಲೆ ಗಾಯ ಮಾಡಿದ್ದನ್ನೂ ಚರಿತ್ರೆಯಲ್ಲಿ ಬರೆಯಬೇಕಾಗುತ್ತೆ. 1994ರಲ್ಲಿ ಮಾನವ ಅಂಗಗಳ ಕಸಿ ಕಾಯಿದೆ ಬಂತು. ಮಾರಾಟ ಅಪರಾಧವಾಯಿತು, ಹತ್ತಿರದ ಸಂಬಂಧಿಗಳು ಯಾರು ಅಂತ ಪಟ್ಟಿಯಾಯಿತು, ಮಿದುಳು ಸತ್ತರೆ ಅದೂ ಸಾವೇ ಅಂತ ಕಾನೂನು ಒಪ್ಪಿತು.

ಆ ಕಾಯಿದೆ ಬಂದ ವರ್ಷವೇ ನಾನು ಹುಟ್ಟಿದ್ದು. ಹದಿನಾರು ವರ್ಷದ ಮೇಲೆ ಅದರ ದೆಸೆಯಿಂದಲೇ ನಾವು ರೇಷನ್ ಕಾರ್ಡು, ಫೋಟೋ, ಜನನ ಪ್ರಮಾಣಪತ್ರ ಹಿಡಿದು ಓಡಾಡಿದ್ದು. ಅಮ್ಮನನ್ನು ಒಬ್ಬರನ್ನೇ ಒಳಗೆ ಕರೆದು, "ಯಾರಾದರೂ ಬಲವಂತ ಮಾಡಿದಾರಾ?" ಅಂತ ಕೇಳಿದರಂತೆ. ಅಮ್ಮ ಹೊರಗೆ ಬಂದು, "ಮದುವೆ ಮಾಡೋವಾಗ ಒಬ್ಬರೂ ಹೀಗೆ ಕೇಳಿರಲಿಲ್ಲ" ಅಂದರು. ಅಪ್ಪ ಬೇರೆ ಕಡೆ ನೋಡಿದರು.

ಮಿದುಳು ಸತ್ತವರ ಅಂಗದಾನ ನಮ್ಮಲ್ಲಿ ಇನ್ನೂ ಕಡಿಮೆ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳೋದು 'ಜೀವಸಾರ್ಥಕತೆ' ಅನ್ನೋ ಸಂಸ್ಥೆ. 2021ರ ಜೂನ್‌ನಲ್ಲಿ, ಬೈಕ್ ಅಪಘಾತದಲ್ಲಿ ಹೋದ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಗದಾನಕ್ಕೆ ಒಪ್ಪಿದ ಸುದ್ದಿ ಬಂದಾಗ ನಮ್ಮ ಕಾಯೋ ಕುರ್ಚಿಗಳಲ್ಲಿ ಯಾರೂ ಮಾತಾಡಲಿಲ್ಲ. ಪಟ್ಟಿಯಲ್ಲಿ ಹೆಸರಿರೋರು ಇಂಥ ಸುದ್ದಿಯನ್ನು ಹೇಗೆ ಕೇಳಬೇಕು ಹೇಳಿ? ಅಳಬೇಕು, ಫೋನನ್ನೂ ಹತ್ತಿರ ಇಟ್ಟುಕೊಳ್ಳಬೇಕು.

ಈಗ ಮೊದಲು ಬಾಕಿ ಇಟ್ಟ ಮಾತು. ನನಗೂ ಇವರಿಗೂ ಮಗು ಬೇಕು ಅನ್ನಿಸಿದೆ. ಮೈಕೋಫಿನೋಲೇಟ್ ತಗೊಂಡರೆ ಗರ್ಭ ನಿಲ್ಲದೇ ಹೋಗಬಹುದು, ನಿಂತರೂ ಮಗುವಿಗೆ ಊನವಾಗಬಹುದು. ಆದ್ದರಿಂದ ಕನಿಷ್ಠ ಆರು ವಾರ ಮುಂಚೆಯೇ ಅದನ್ನು ನಿಲ್ಲಿಸಬೇಕು. ಆಗ ನೆನಪಾಗೋದು ಹಳೇ ಅಜಥಯೋಪ್ರಿನ್. ಅರವತ್ತು ವರ್ಷದಲ್ಲಿ ಎಷ್ಟೋ ಹೆಂಗಸರು ಇದನ್ನು ನುಂಗುತ್ತಲೇ ಹೆತ್ತಿದ್ದಾರೆ, ಆ ಅನುಭವವೇ ಡಾಕ್ಟರುಗಳಿಗೆ ಆಧಾರ.

ಅವರೆಲ್ಲರಿಗಿಂತ ಮೊದಲಿನವಳು ಈಡಿತ್ ಹೆಲ್ಮ್, ಒಕ್ಲಹೋಮಾದವಳು. 1956ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಅವಳಿ ಅಕ್ಕತಂಗಿ ವಾಂಡಾಳ ಕಿಡ್ನಿಯನ್ನು ಬಾಸ್ಟನ್ನಿನಲ್ಲಿ ಮರ್ರೆ ಕೈಯಲ್ಲೇ ಹಾಕಿಸಿಕೊಂಡಳು. 1958ರ ಮಾರ್ಚ್‌ನಲ್ಲಿ ಮಗು ಹೆತ್ತಳು. ಕಸಿಯಾದ ಹೆಂಗಸೊಬ್ಬಳು ಹೆತ್ತಿದ್ದು ಜಗತ್ತಿನಲ್ಲಿ ಅದೇ ಮೊದಲು. ಯಾವ ಪುಸ್ತಕದಲ್ಲೂ ಇರದ ವಿಷಯಕ್ಕೆ ಅವಳು ಧೈರ್ಯ ಮಾಡಿದ್ದಳು. 2011ರಲ್ಲಿ ತೀರಿಕೊಂಡಳು, ನನಗೆ ಕಸಿಯಾದ ವರ್ಷ. ಅವಳ ಹೆಸರು ಓದಿದ ರಾತ್ರಿ ನಾನು ಇವರನ್ನು ಎಬ್ಬಿಸಿ ಹೇಳಿದೆ. "ಅವಳದು ಅವಳಿದು, ಮಾತ್ರೆ ಬೇಕಿರಲಿಲ್ಲ ಅಲ್ವಾ?" ಅಂದರು. ನಿಜ. ಅದನ್ನೂ ಓದಿದ್ದೆ, ಹೇಳಿರಲಿಲ್ಲ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಬಿಪಿ ಏರಬಹುದು, ಮಗು ದಿನ ತುಂಬೋಕೆ ಮುಂಚೆ ಹುಟ್ಟಬಹುದು, 1.4 ಇರೋದು ಮೇಲೆ ಹೋಗಿ ಇಳಿಯದೇ ಇರಬಹುದು. "ಬೇಡ ಅನ್ನಲ್ಲ. ಸುಲಭ ಅಂತಾನೂ ಅನ್ನಲ್ಲ" ಅಂದರು. ಆ 0.3 ಈಗ ಲೆಕ್ಕಕ್ಕೆ ಬರುತ್ತೆ ಅಂತ ಅವರು ಹೇಳಲಿಲ್ಲ, ಫೈಲಿನ 2013ರ ಹಾಳೆ ಮಾತ್ರ ತಿರುವಿ ನೋಡಿದರು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ತುಂಬಾ ಹೊತ್ತು ಹೊಲಿಗೆ ಮಿಷನ್ನಿನ ಸದ್ದೂ ಇಲ್ಲ. ಆಮೇಲೆ, "ನಾನು ಕೊಟ್ಟಿದ್ದು ನಿನಗೆ ಕಣೇ. ಮೊಮ್ಮಗೂಗಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಟ್ಟವರಿಗೆ ಎಲ್ಲಿಯ ತನಕ ಮಾತಾಡೋ ಹಕ್ಕಿರುತ್ತೆ? ರೊನಾಲ್ಡ್ ತನ್ನ ತಮ್ಮನ ಮದುವೆಗೆ ಬೇಡ ಅಂದಿದ್ದನಾ? ವಾಂಡಾಗೆ ಹೆದರಿಕೆ ಆಗಿರಲಿಲ್ಲವಾ? ಕಸಿಯ ಚರಿತ್ರೆಯಲ್ಲಿ ಸರ್ಜನ್‌ಗಳ ಮಾತು ತುಂಬಾ ಇದೆ, ರೋಗಿಗಳದು ಸ್ವಲ್ಪ ಇದೆ. ಕೊಟ್ಟವರದು ಹುಡುಕಿದರೂ ಸಿಗೋದು ಬಹಳ ಕಡಿಮೆ.

ಎರಡು ದಿನ ಬಿಟ್ಟು ಅಮ್ಮನೇ ಫೋನ್ ಮಾಡಿದರು. ಮಗುವಿನ ಮಾತೇ ಎತ್ತಲಿಲ್ಲ. "ಆ ಹಳದಿ ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ?" ಅಂತ ಕೇಳಿದರು. ಊಟ ಆದಮೇಲೆ ಅಂದೆ. "ಸರಿ, ಖಾಲಿ ಹೊಟ್ಟೇಲಿ ನುಂಗಬೇಡ" ಅಂತ ಇಟ್ಟರು.

ಹಳದಿ ಮಾತ್ರೆ ಬಿಳಿ ರಕ್ತಕಣಗಳನ್ನು ಇಳಿಸುತ್ತೆ, ಹಾಗಾಗಿ ಈಗ ವಾರವಾರ ರಕ್ತಪರೀಕ್ಷೆ. ಇಲ್ಲಿಯ ತನಕ ನಾಲ್ಕಾಗಿದೆ, ಕ್ರಿಯಾಟಿನಿನ್ 1.4, 1.4, 1.5, 1.4. ಗುರುವಾರ ಐದನೆಯದು. ಅಮ್ಮ ಬುಧವಾರ ರಾತ್ರಿ ತಿಪಟೂರಿನಿಂದ ಬರ್ತಾರಂತೆ, ಆಸ್ಪತ್ರೆಗೆ ನನ್ನ ಜೊತೆ. ಡಾಕ್ಟರನ್ನು ಒಂದು ಮಾತು ಕೇಳಬೇಕಂತೆ, ಏನು ಅಂತ ನನಗೆ ಹೇಳ್ತಿಲ್ಲ.